ಫೋಟೊಗೆ ಅಡ್ಡ ಬಂದ ಹೂವು

ನಮ್ಮ ಸೀಮೆಯಲ್ಲಿ ಒಂದು ಜಮೀನಿನಲ್ಲಿ ನಾಲ್ಕು ತೆಂಗಿನ ಮರ ನಿಂತಿದ್ದರೆ ಸಾಕು, ಅದು ತೋಟ. ಮರದ ಕೆಳಗೆ ಹುರುಳಿ ಇರಲಿ, ಅಲಸಂದೆ ಇರಲಿ, ದನಕ್ಕೆಂದು ಚೆಲ್ಲಿದ ಜೋಳ ಇರಲಿ, ಕೇಳಿದವರಿಗೆ ಸಿಗುವ ಉತ್ತರ ಒಂದೇ. “ನಿಮ್ಮಣ್ಣ ಎಲ್ಲಿ?” “ತೋಟಕ್ಕೋಗವ್ನೆ.” “ಗಂಡಿನ ಕಡೆಯೋರಿಗೆ ಏನೈತೆ?” “ತೋಟ ಐತೆ ಕಣ್ರೀ.” ತೋಟ ಅಂದಮೇಲೆ ಮಾತು ಮುಗಿಯಿತು. ಅದರೊಳಗೆ ಇನ್ನೇನಿದೆ ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಅವನು ಈ ಕಡೆಯವನಲ್ಲ ಎಂದರ್ಥ. ನಾನೂ ಈ ಮಾತನ್ನು ಆಡಿಕೊಂಡೇ ಬೆಳೆದವಳು. ಈಗ ಮಾತ್ರ ಯಾರಾದರೂ ಅದನ್ನು ಅಂದರೆ ನನಗೆ ರೇಗುತ್ತದೆ. ನಮ್ಮತ್ತಿಗೆಯ ಹೂವನ್ನು ನುಂಗಿದ್ದು ಆ ಮಾತು. ಊರಿನವರೆಲ್ಲ ಕೊರೋನಾ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ನನ್ನ ತವರು ಶೆಟ್ಟಿಕೆರೆಯ ಮಗ್ಗುಲಿನ ಒಂದು ಊರು. ಅಲ್ಲಿ ಅಪ್ಪ ಬಿಟ್ಟುಹೋದ ಎರಡೆಕರೆ ತೋಟ ಅಣ್ಣನ ಹೆಸರಿನಲ್ಲಿದೆ. ಅತ್ತಿಗೆ ಆ ಮನೆಗೆ ಬಂದ ಹೊಸದರಲ್ಲಿ ತನ್ನ ತವರಿನಿಂದ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಕನಕಾಂಬರದ ಬೀಜ ತಂದಿದ್ದಳು. ನರ್ಸರಿಯ ಸಸಿಯಲ್ಲ, ನಾಟಿ ಕನಕಾಂಬರ, ಬೀಜ ಕಟ್ಟುವ ಜಾತಿ. ಮೊದಲು ಹಿತ್ತಿಲಲ್ಲಿ ಒಂದು ಮಡಿ ಮಾಡಿದಳು. ಆಮೇಲೆ ಸಸಿ ಕಿತ್ತು ತೋಟದಲ್ಲಿ ಮರದ ಸಾಲುಗಳ ನಡುವೆ ನೆಟ್ಟಳು. ಕನಕಾಂಬರಕ್ಕೆ ಅರೆನೆರಳು ಅಂದರೆ ಪ್ರಾಣ. ತೆಂಗಿನ ಗರಿ ಸೋಸಿ ಕೆಳಗೆ ಬಿಡುವ ಬಿಸಿಲು ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ವರ್ಷ ಕಳೆದಂತೆ ತೋಟದ ಅರ್ಧಭಾಗಕ್ಕೆ ಹೂವು ಹಬ್ಬಿಕೊಂಡಿತು.

ಬೋರಿನ ನೀರು ಮೊದಲು ಮರಕ್ಕೆ, ಮಿಕ್ಕಿದ್ದು ಹೂವಿಗೆ. ಗೊಬ್ಬರವೂ ಹಾಗೆಯೇ. ಅತ್ತಿಗೆ ಅದಕ್ಕೆ ತಕರಾರು ಮಾಡಿದವಳಲ್ಲ. ಬೆಳಕು ಹರಿಯುವ ಮುಂಚೆ ಹೋಗಿ ಹೂವು ಬಿಡಿಸಿ, ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸಿ ತಿಪಟೂರಿನ ಮೊದಲ ಬಸ್ಸಿಗೆ ಹಾಕುತ್ತಿದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರದ ಹೂವಿನಂಗಡಿಯವನು ಇಳಿಸಿಕೊಳ್ಳುತ್ತಿದ್ದ. ಮನೆಯ ಗ್ಯಾಸು, ಮಕ್ಕಳ ಯೂನಿಫಾರಂ, ಅಣ್ಣನ ಬೀಡಿ, ಎಲ್ಲವೂ ಆ ಬುಟ್ಟಿಯಿಂದಲೇ ಬರುತ್ತಿದ್ದವು. ಕೊಬ್ಬರಿ ದುಡ್ಡು ವರ್ಷಕ್ಕೊಮ್ಮೆ ಬರುವ ನೆಂಟ, ಬಂದರೆ ಕೇರಿಗೆಲ್ಲ ಸುದ್ದಿ. ಹೂವಿನ ದುಡ್ಡು ಮನೆಯ ಹೆಂಗಸಿನ ಹಾಗೆ ದಿನಾ ಇರುತ್ತಿತ್ತು, ಅದಕ್ಕೇ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಯಾರಾದರೂ ನೆಂಟರು ತೋಟಕ್ಕೆ ಬಂದು “ಹೂವು ಚೆನ್ನಾಗೈತಲ್ಲಾ” ಅಂದರೆ ಅಣ್ಣ ಕೈ ಒದರಿಬಿಡುತ್ತಿದ್ದ.

“ಅದಾ? ಹೆಂಗಸ್ರು ಕೈಖರ್ಚಿಗೆ ಅಂತ ಹಾಕ್ಕಂಡವ್ರೆ ಬುಡಿ.”

ಅವನ ಬೀಡಿಯೂ ಹೆಂಗಸರ ಕೈಖರ್ಚಿನ ಲೆಕ್ಕಕ್ಕೇ ಸೇರುತ್ತಿತ್ತು ಎಂದು ನಾನು ಒಮ್ಮೆ ಹೇಳಿದ್ದೆ. ಅವನು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದ.

ಅವನಿಗೆ ಬೇರೆ ಆಸೆ ಹುಟ್ಟಿತ್ತು. ಸುತ್ತಲಿನವರೆಲ್ಲ ತೆಂಗಿನ ಮರಗಳ ನಡುವೆ ಅಡಿಕೆ ಸಸಿ ಇಡುತ್ತಿದ್ದರು. ಇವನಿಗೂ ಇಡಬೇಕು. ಇಡಬೇಕಾದರೆ ಜಾಗ ಬೇಕು, ಆ ಜಾಗದಲ್ಲಿ ಹೂವಿದೆ. ಎರಡು ವರ್ಷದಿಂದ ಗಂಡ ಹೆಂಡತಿ ಈ ವಿಷಯಕ್ಕೆ ಜಗ್ಗಾಡುತ್ತಿದ್ದರು. ಪ್ರತಿಸಲವೂ ಹೂವೇ ಗೆಲ್ಲುತ್ತಿತ್ತು. ತಿಂಗಳ ಕೊನೆಗೆ ಗ್ಯಾಸ್ ಸಿಲಿಂಡರಿನವನು ಬಂದು ನಿಂತಾಗ ದುಡ್ಡು ಕೊಡುತ್ತಿದ್ದವಳು ಅತ್ತಿಗೆ ತಾನೆ.

ಕೊರೋನಾ ಬಂದ ವರ್ಷ ಯುಗಾದಿಗೆ ನಾನು ತವರಿಗೆ ಬಂದಿದ್ದೆ. ನಾನಿರುವುದು ತುರುವೇಕೆರೆಯಲ್ಲಿ, ಗಂಡನ ಟೈಲರ್ ಅಂಗಡಿಯ ಹಿಂದಿನ ಮನೆಯಲ್ಲಿ. ಹಬ್ಬ ಮುಗಿಸಿ ಮಾರನೇ ದಿನವೇ ಹಿಂದಿರುಗುವವಳು, ಒಂದು ಜೊತೆ ಬಟ್ಟೆ ತಂದಿದ್ದೆ. ಬೇವು ಬೆಲ್ಲ ಬಾಯಲ್ಲಿರುವಾಗಲೇ ಬಸ್ಸು ನಿಂತುಹೋಯಿತು. ಊರಿನ ದಾರಿಗೆ ಅಡ್ಡಲಾಗಿ ತೆಂಗಿನ ಮರದ ದಿಮ್ಮಿ ಹಾಕಿದರು. ನಾನು ಅತ್ತಿಗೆಯ ಸೀರೆ ಉಟ್ಟುಕೊಂಡು ಅಲ್ಲೇ ಉಳಿದೆ. ಅದಕ್ಕೇ ಇದನ್ನೆಲ್ಲ ಕಣ್ಣಾರೆ ನೋಡಿದ್ದು.

ಹೂವಿಗೆ ಅದು ಸುಗ್ಗಿಯ ಕಾಲ. ಮುಂದೆ ಮದುವೆಗಳು, ದೇವರ ಕಾರ್ಯಗಳು, ಗೃಹಪ್ರವೇಶಗಳು. ಗಿಡ ತುಂಬಿ ತುಳುಕುತ್ತಿತ್ತು. ಬಸ್ಸಿಲ್ಲ ಅಂದಮೇಲೆ ಬುಟ್ಟಿ ಎಲ್ಲಿಗೆ ಹೋಗಬೇಕು? ಅಂಗಡಿಯವನು ಫೋನಿನಲ್ಲಿ, “ಅಕ್ಕ, ಅಂಗ್ಡಿನೇ ತೆಗಿಯಂಗಿಲ್ಲ, ಪೋಲೀಸ್ರು ಬಾರಿಸ್ತಾವ್ರೆ” ಅಂದ. ಮೊದಮೊದಲು ಅತ್ತಿಗೆ ಬಿಡಿಸುತ್ತಲೇ ಇದ್ದಳು. ನಾವಿಬ್ಬರೂ ಕೂತು ಕಟ್ಟಿದೆವು. ಮನೆಯ ದೇವರಿಗೆ, ಊರ ಮುಂದಿನ ಬೀಗ ಹಾಕಿದ ಗುಡಿಯ ಬಾಗಿಲಿಗೆ, ಅಪ್ಪನ ಫೋಟೊಗೆ, ಕರುವಿನ ಕೊರಳಿಗೆ, ಬೋರಿನ ಸ್ಟಾರ್ಟರ್ ಡಬ್ಬಿಗೆ, ಕೊನೆಗೆ ಅಣ್ಣನ ಟಿವಿಎಸ್ ಗಾಡಿಯ ಹ್ಯಾಂಡಲ್ಲಿಗೂ ಹೂವು ಮುಡಿಸಿದೆವು. ಬೀದಿಯ ಹೆಂಗಸರಿಗೆ ಹಂಚಿದೆವು. ಅವರೂ ಎಷ್ಟು ದಿನ ಮುಡಿದಾರು? ಎಲ್ಲಿಗೂ ಹೋಗುವಂತಿಲ್ಲ, ಯಾರೂ ನೋಡುವವರಿಲ್ಲ. ಆಮೇಲೆ ಬುಟ್ಟಿ ಬುಟ್ಟಿ ಹೂವನ್ನು ತಿಪ್ಪೆಗೆ ಸುರಿದೆವು. ಸಗಣಿಯ ಮೇಲೆ ಕೆಂಗೇಸರಿ ಬಣ್ಣದ ಗುಡ್ಡೆ. ಕೋಳಿಗಳು ಅದನ್ನು ಕೆದಕುತ್ತಿದ್ದವು.

ಒಂದು ಬೆಳಿಗ್ಗೆ ಅತ್ತಿಗೆ ಬುಟ್ಟಿ ಮುಟ್ಟಲಿಲ್ಲ. “ಬ್ಯಾಡ ಬುಡೇ. ಕಿತ್ತು ತಿಪ್ಪೆಗೆ ಹಾಕಕ್ಕಿಂತ ಗಿಡದಾಗೇ ಒಣಗ್ಲಿ” ಅಂದಳು. ಅಂದವಳು ಒಳಗೆ ಹೋಗಿ, ಬೇಕಿಲ್ಲದಿದ್ದರೂ ಪಾತ್ರೆ ಎಲ್ಲ ಇಳಿಸಿ ಬೆಳಗಲು ಕೂತಳು.

ಅಣ್ಣನಿಗೆ ಮಾತ್ರ ಏನೂ ಆಗಿರಲಿಲ್ಲ. ಅವನ ಕಾಯಿ ಅಟ್ಟದ ಮೇಲೆ ಬೆಚ್ಚಗಿತ್ತು. ನಮ್ಮ ಕಡೆ ಯಾರೂ ಕಾಯಿಯನ್ನು ಹಸಿಯಾಗಿ ಮಾರುವುದಿಲ್ಲ, ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಬಿಡುತ್ತೇವೆ, ಅದು ಒಳಗೇ ಒಣಗಿ ಉಂಡೆ ಕೊಬ್ಬರಿ ಆಗುತ್ತದೆ. ಕಾಯಿ ಕಾಯುತ್ತದೆ. ಹೂವು ನಾಳೆ ಮಧ್ಯಾಹ್ನದವರೆಗೂ ಕಾಯುವುದಿಲ್ಲ. ಈ ವ್ಯತ್ಯಾಸ ಅಣ್ಣನಿಗೆ ತಿಳಿಯದ್ದೇನಲ್ಲ. ಆದರೂ ಜಗಲಿಯಲ್ಲಿ ಕಾಲು ನೀಡಿಕೊಂಡು, “ನೋಡಿದ್ಯಾ, ತೆಂಗು ಅಂದ್ರೆ ಹಿಂಗಿರ್ಬೇಕು. ಏನ್ ಬಂದ್ರೂ ಅಲ್ಲಾಡಕ್ಕಿಲ್ಲ. ಹೂವಂತೆ ಹೂವು! ಈ ಸಲ ಮಳೆ ಬೀಳ್ತಿದ್ದಂಗೆ ಕೀಳ್ಸಿ ಅಡಿಕೆ ಸಸಿ ಇಟ್ಬುಡ್ತೀನಿ” ಎಂದ. ಆ ಹೊತ್ತು ಅತ್ತಿಗೆಯ ಕೈಯಲ್ಲಿ ಜಗ್ಗಲು ಹಗ್ಗವೇ ಇರಲಿಲ್ಲ. ಬುಟ್ಟಿ ಖಾಲಿ.

ಆಗ ಟಿವಿಯಲ್ಲಿ ಬಂತು. ಹೂವು ಬೆಳೆದವರಿಗೆ ನಷ್ಟವಾಗಿದೆ, ಸರ್ಕಾರ ಪರಿಹಾರ ಕೊಡುತ್ತದೆ, ಹೆಕ್ಟೇರಿಗೆ ಇಷ್ಟು. ನಾವು ಮುದ್ದೆ ಉಣ್ಣುತ್ತಿದ್ದೆವು. ಅತ್ತಿಗೆ ಸಾರಿನ ಸೌಟನ್ನು ಹಿಡಿದುಕೊಂಡೇ ನಿಂತಳು. ತೆಂಗಿನ ಹೆಸರು ಆ ಪಟ್ಟಿಯಲ್ಲಿ ನನಗಂತೂ ಕೇಳಿಸಲಿಲ್ಲ, ಹೂವಿನ ಹೆಸರು ಮಾತ್ರ ಎರಡು ಸಲ ಕೇಳಿಸಿತು. ಅತ್ತಿಗೆಯ ಮುಖದಲ್ಲಿ ಇದ್ದದ್ದು ದುಡ್ಡಿನ ಖುಷಿ ಅಲ್ಲ. ಇಷ್ಟು ವರ್ಷ ಮನೆಯಲ್ಲೇ ಯಾರೂ ಬೆಳೆ ಅನ್ನದಿದ್ದದ್ದನ್ನು ದೊಡ್ಡ ದೊಡ್ಡವರು ಟಿವಿಯಲ್ಲಿ ಕೂತು ಬೆಳೆ ಅಂದಿದ್ದರು.

“ಏನಣ್ಣ, ಕೇಳಿಸ್ತಾ?” ಅಂತ ನಾನು ಚುಚ್ಚಿದೆ. “ಹೆಂಗಸ್ರ ಕೈಖರ್ಚಿಗೆ ಸರ್ಕಾರ ದುಡ್ಡು ಕೊಡ್ತಾ ಐತೆ.”

ಅಣ್ಣ ನಕ್ಕ. “ಆಯ್ತು ಬುಡು. ಹೂವಿನ ದುಡ್ಡು ಬಂದ್ರೆ ಹೂವು ಇರ್ಲಿ. ಸರ್ಕಾರನೇ ಹೂವು ಅಂತ ಒಪ್ಕಂಡ್ ಮ್ಯಾಲೆ ನಾನ್ಯಾವನು? ಬರ್ಲಿಲ್ಲ ಅಂದ್ರೆ ಅಡಿಕೆ. ಆಮ್ಯಾಕೆ ಅಳಂಗಿಲ್ಲ.”

“ಆಯ್ತು,” ಅಂದಳು ಅತ್ತಿಗೆ. ತಮಾಷೆಯಲ್ಲಿ ಹುಟ್ಟಿದ ಪಂದ್ಯವನ್ನು ಅವಳು ಅಲ್ಲೇ ಗಟ್ಟಿಮಾಡಿಕೊಂಡಳು.

ಓಡಾಟ ಸ್ವಲ್ಪ ಬಿಟ್ಟ ಮೇಲೆ ಅವಳನ್ನು ಹಿಂದೆ ಕೂರಿಸಿಕೊಂಡು ಅಣ್ಣನ ಟಿವಿಎಸ್‌ನಲ್ಲಿ ನಾನೇ ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಎಲ್ಲ ಕಚೇರಿಗಳಲ್ಲೂ ಇದೇ ಆಯಿತೆಂದು ಆಮೇಲೆ ಕೇಳಿದ್ದೇನೆ. ಅತ್ತಿಗೆ ಹೊರಡುವ ಮುಂಚೆ ತೋಟಕ್ಕೆ ಹೋಗಿ ಸೆರಗಿನ ತುಂಬ ಹೂವು ಬಿಡಿಸಿಕೊಂಡು ಬಂದಿದ್ದಳು. ಯಾಕೆ ಎಂದರೆ, “ಹೂವು ಬೆಳ್ದಿದೀನಿ ಅಂತ ಹೇಳಕ್ಕೋಗೋಳು ಬರಿಗೈಲಿ ಹೋಗ್ಲಾ?” ಅಂದಳು.

ಕಚೇರಿಯ ಬಾಗಿಲಿಗೆ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಮಾಸ್ಕ್ ಹಾಕಿಕೊಂಡ ಒಬ್ಬರು ಕಂಪ್ಯೂಟರ್ ಮುಂದೆ ಕೂತಿದ್ದರು. ಸರ್ವೆ ನಂಬರ್ ಹೇಳಿದೆವು. ಅವರು ಒತ್ತಿ ನೋಡಿ, “ಇದರಲ್ಲಿ ತೆಂಗು ಅಂತಿದೆಯಲ್ಲಮ್ಮ” ಅಂದರು.

“ಅದೂ ಐತೆ ಸಾರ್. ಹೂವೂ ಐತೆ.”

“ಹೂವು ಇಲ್ಲ. ಪೂರ್ತಿ ತೆಂಗು.”

ಅತ್ತಿಗೆ ಸೆರಗು ಬಿಚ್ಚಿ ಅವರ ಮೇಜಿನ ಮೇಲೆ ಹೂವು ಸುರಿದಳು. ಅವರು ಸ್ಯಾನಿಟೈಸರ್ ಬಾಟಲಿಯನ್ನು ಪಕ್ಕಕ್ಕೆ ಸರಿಸಿಕೊಂಡರು. ಪಾಪ, ಕೆಟ್ಟ ಮನುಷ್ಯನೇನಲ್ಲ. ನಿಧಾನವಾಗಿಯೇ ಹೇಳಿದರು.

“ಹೂವು ನನಗೆ ಕಾಣ್ತಿದೆಯಮ್ಮ. ಸಿಸ್ಟಮ್‌ಗೆ ಕಾಣಲ್ಲ. ಹೋದ ಮುಂಗಾರಿನಲ್ಲಿ ಬೆಳೆ ಸಮೀಕ್ಷೆ ಆಯ್ತಲ್ಲ, ಅದರಲ್ಲಿ ಏನು ಬರೆದಿದಾರೋ ಅದೇ ಲೆಕ್ಕ. ತೆಂಗು ಅಂತ ನಿಮ್ಮ ಮನೆಯವರೇ ಹೇಳಿರ್ತಾರೆ.”

ನನಗೆ ತಲೆಗೇರಿತು. ಮೇಜಿನ ಮೇಲೆ ಗುಡ್ಡೆ ಹೂವಿದೆ, ಅದಕ್ಕೆ ಘಮಲಿಲ್ಲದಿದ್ದರೂ ಬಣ್ಣವಾದರೂ ಇದೆಯಲ್ಲ, ಕಣ್ಣಿದ್ದವನು ನೋಡುತ್ತಿದ್ದಾನೆ, ಆದರೂ ಇಲ್ಲ. ಇಲ್ಲ ಅನ್ನುವುದಕ್ಕೆ ಒಂದು ಯಂತ್ರ ಸಾಕ್ಷಿ. “ಹಂಗಾರೆ ಬಂದು ನೋಡಿ ಸಾರ್, ತೋಟ ಎಲ್ಲಿಗೂ ಓಡೋಗಿಲ್ಲ” ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಾನೂ ತೋಟ ಅಂದಿದ್ದೆ.

ಅವರು ಒಂದು ದಾರಿ ಹೇಳಿದರು. ಆಕ್ಷೇಪಣೆ ಕೊಡಬಹುದು. ಬಂದು ನೋಡುತ್ತಾರೆ. ಮಿಶ್ರ ಬೆಳೆ ಎಂದು ತಿದ್ದುತ್ತಾರೆ. ಆದರೆ ಎರಡೆಕರೆಯಲ್ಲಿ ಹೂವಿಗೆ ಎಷ್ಟು ಜಾಗ ಬರೆಯುತ್ತಾರೋ ತೆಂಗಿನ ಲೆಕ್ಕದಲ್ಲಿ ಅಷ್ಟು ಕಡಿಮೆಯಾಗುತ್ತದೆ. ಜಮೀನು ಯಾರ ಹೆಸರಿನಲ್ಲಿದೆಯೋ ಅವರೇ ಸಹಿ ಮಾಡಬೇಕು.

ಮರದ ಕೆಳಗೆ ಹೂವು ಬಿಟ್ಟರೆ ಮರ ಕುಳ್ಳಾಗುತ್ತದೆಯೇ? ಗೊನೆ ಉದುರುತ್ತದೆಯೇ? ಮೇಲೆ ತೆಂಗು, ಕೆಳಗೆ ಹೂವು, ಒಂದೇ ನೆಲ ಎರಡನ್ನೂ ಸಾಕುತ್ತಿದೆ. ನೆಲಕ್ಕೆ ಇರುವ ಧಾರಾಳ ಸರ್ಕಾರದ ಲೆಕ್ಕಕ್ಕೆ ಇಲ್ಲ. ಇದನ್ನು ಯೋಚಿಸಿ ಮಾಡಿದ ಪುಣ್ಯಾತ್ಮ ಒಂದು ಸಲವಾದರೂ ನಮ್ಮ ಕಡೆಯ ತೋಟದಲ್ಲಿ ತಲೆ ಬಗ್ಗಿಸಿ ನಡೆದಿದ್ದಾನೆಯೇ ಎಂದು ಆವತ್ತೂ ಅನ್ನಿಸಿತು, ಇವತ್ತೂ ಅನ್ನಿಸುತ್ತದೆ.

ಅತ್ತಿಗೆ ಮೇಜಿನ ಮೇಲಿನ ಹೂವನ್ನು ಮತ್ತೆ ಸೆರಗಿಗೆ ತುಂಬಿಕೊಂಡಳು. ಒಂದೂ ಬಿಡಲಿಲ್ಲ. ಗಾಡಿ ಊರಿನ ಕಡೆ ತಿರುಗಿ ಸ್ವಲ್ಪ ದೂರ ಬಂದ ಮೇಲೆ ಹಿಂದಿನಿಂದ ನನ್ನ ಭುಜ ಹಿಡಿದು, “ನಿಲ್ಸೇ” ಅಂದಳು. ಹುಣಸೆ ಮರದ ಕೆಳಗೆ ನಿಲ್ಲಿಸಿದೆ.

“ನಾನೇ ಹೇಳಿದ್ದು ಕಣೇ,” ಅಂದಳು.

“ಏನು?”

ಹೇಳಿದಳು. ಹಿಂದಿನ ಮಳೆಗಾಲದಲ್ಲಿ ಸಮೀಕ್ಷೆಯವನು ಬಂದಿದ್ದ. ಪಕ್ಕದೂರಿನ ನಡುವಯಸ್ಸಿನ ಗಂಡಸು, ಕೈಯಲ್ಲಿ ಮೊಬೈಲು, ಊರೂರಿನ ಜಮೀನು ನೋಡಿ ಬೆಳೆ ಬರೆದುಕೊಳ್ಳುವ ಕೆಲಸ. ಇವಳು ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು ಹೂವು ಬಿಡಿಸುತ್ತಿದ್ದಳು. ಮಡಿಲ ತುಂಬ ಹೂವು. ಅವನು ಬದುವಿನ ಮೇಲೆ ನಿಂತು, “ಏನೈತಕ್ಕ ಇದ್ರಾಗೆ?” ಎಂದು ಕೇಳಿದ. ಇವಳು ತಲೆ ಕೂಡ ಎತ್ತದೆ, “ತೋಟ ಕಣಣ್ಣ, ಇನ್ನೇನಿರ್ತದೆ” ಅಂದಳು.

ಅವನು ತೆಂಗು ಎಂದು ಒತ್ತಿಕೊಂಡ. ಒತ್ತಿಕೊಂಡು ಫೋಟೊ ತೆಗೆಯಲು ಮೊಬೈಲು ಎತ್ತಿದ. ಎತ್ತಿದವನು, “ಅಕ್ಕ, ಸ್ವಲ್ಪ ಆ ಕಡೆ ಸರ್ಕಳ್ಳಿ, ಫೋಟಾಕ್ಕೆ ಅಡ್ಡ ಬತ್ತೀರಿ” ಅಂದ. ಇವಳು ಮಡಿಲು ಎತ್ತಿಕೊಂಡು ಸರಿದಳು. ಅವನು ಮರಗಳ ತಲೆ ಬರುವ ಹಾಗೆ ಮೊಬೈಲನ್ನು ಮೇಲಕ್ಕೆ ಹಿಡಿದು ಕ್ಲಿಕ್ಕಿಸಿದ. ಕೆಳಗಿನ ಹೂವು ಬರಲಿಲ್ಲ. ಹೋಗುವಾಗ ಮನೆಗೆ ಅಂತ ಒಂದು ಬೊಗಸೆ ಹೂವು ಬೇರೆ ಕೇಳಿ ಇಸಕೊಂಡು ಹೋದ!

ಇದನ್ನು ಹೇಳುತ್ತ ಹೇಳುತ್ತ ಅತ್ತಿಗೆಗೆ ನಗು ಬಂತು. ನಗುತ್ತ ನಗುತ್ತ ಕಣ್ಣು ತುಂಬಿತು. ಹೂವಿನ ಮಧ್ಯೆ ಕೂತು, ಹೂವನ್ನು ಮಡಿಲಲ್ಲಿಟ್ಟುಕೊಂಡು, ಏನಿದೆ ಅಂದವನಿಗೆ ತೋಟ ಅಂದಿದ್ದಳು. ಬೇರೆ ಸೀಮೆಯ ಯಾವ ಹೆಂಗಸೂ ಹಾಗೆ ಹೇಳುತ್ತಿರಲಿಲ್ಲ. ಇಲ್ಲಿಯ ಯಾವ ಹೆಂಗಸೂ ಬೇರೆ ಹೇಳುತ್ತಿರಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಹೂವು ಇಸಕೊಂಡು ಹೋಗಿ ಹೂವಿಲ್ಲ ಎಂದು ಬರೆದವನ ಮೇಲೆ ಬಂತು.

ಮನೆಗೆ ಬಂದು ಆಕ್ಷೇಪಣೆಯ ಹಾಳೆಯನ್ನು ಅಣ್ಣನ ಮುಂದೆ ಇಟ್ಟೆ.

“ಸೈನ್ ಹಾಕು.”

“ಯಾತಕ್ಕೆ?”

“ಹೂವು ಐತೆ ಅಂತ.”

ಅವನು ಹಾಳೆ ಮುಟ್ಟಲಿಲ್ಲ. “ಹೂವು ಬರೆಸಿದ್ರೆ ತೆಂಗು ಕಮ್ಮಿ ಆಯ್ತದೆ. ತೆಂಗು ಕಮ್ಮಿ ಆದ್ರೆ ಬೆಂಬಲ ಬೆಲೆಗೆ ಕೊಬ್ಬರಿ ತಗಳ್ಳಾಗ ಅಷ್ಟು ಕಮ್ಮಿ ತಗತಾರೆ. ಒಂದ್ ಸಲ ಬರೋ ದುಡ್ಡಿಗೆ ವರ್ಷಾ ವರ್ಷಾ ಬರೋದ್ ಕಳ್ಕಳ್ಳಾ?”

“ಹೂವಿನ ದುಡ್ಡು ಬಂದ್ರೆ ಹೂವು ಇರ್ಲಿ ಅಂದೋನು ನೀನೇ ಅಲ್ವಾ?”

“ಬಂದ್ರೆ ಅಂದೆ. ತರ್ಸಿಕೊಡ್ತೀನಿ ಅಂದ್ನಾ?”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮ್ಮ ಮನೆಯ ಪೂಜಾರಿ ಜಗಲಿಯಲ್ಲಿ ಬೀಡಿ ಹಚ್ಚಿಕೊಂಡು ಕೂತಿದ್ದ. ಆ ಬೀಡಿಯೂ ಹೂವಿನದೇ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನೀನು ಅಣ್ಣನಲ್ಲ, ದಲ್ಲಾಳಿ ಅಂದೆ. ಅಪ್ಪ ಇದ್ದಿದ್ದರೆ ನಿನ್ನ ಕೈ ಹಿಡಿದು ಸಹಿ ಹಾಕಿಸುತ್ತಿದ್ದ ಅಂದೆ. ಅದು ಸುಳ್ಳು, ಅಪ್ಪನೂ ಹಾಕಿಸುತ್ತಿರಲಿಲ್ಲ. ಅಣ್ಣನ ಭಯ ಪೂರ್ತಿ ಸುಳ್ಳಲ್ಲ ಎಂಬುದು ನನಗೂ ಗೊತ್ತಿತ್ತು. ಕೊಬ್ಬರಿ ಕೊಡಲು ಸಾಲಿನಲ್ಲಿ ನಿಂತವರು ಪಹಣಿಯಲ್ಲಿ ತೆಂಗು ಕಡಿಮೆ ಎಂದು ಚೀಲ ವಾಪಸ್ ಹೊತ್ತುಕೊಂಡು ಬಂದದ್ದನ್ನು ಊರೇ ಕಂಡಿದೆ. ಒಂದು ಕೈಯಲ್ಲಿ ಹೂವಿಗೆ ಕೊಡುತ್ತೇನೆ ಅನ್ನುವ ಸರ್ಕಾರವೇ ಇನ್ನೊಂದು ಕೈಯಲ್ಲಿ ಹೂವು ಅಂದರೆ ಕೊಬ್ಬರಿ ಕಿತ್ತುಕೊಳ್ಳುತ್ತೇನೆ ಅನ್ನುತ್ತಿತ್ತು. ಗಂಡ ಹೆಂಡತಿಯ ನಡುವೆ ಬೇಲಿ ಹಾಕುವುದಕ್ಕೆ ಇದಕ್ಕಿಂತ ಚೆನ್ನಾದ ಯೋಜನೆ ಇನ್ನೊಂದಿಲ್ಲ. ಆದರೂ ನಾನು ಅಣ್ಣನನ್ನು ಬಿಡುವುದಿಲ್ಲ. ಸರ್ಕಾರಕ್ಕೆ ಅತ್ತಿಗೆ ಯಾರೋ, ಅವನಿಗೆ ಅಲ್ಲವಲ್ಲ.

ಹೂವಿನಿಂದ ನಾರೂ ಸ್ವರ್ಗಕ್ಕೆ ಹೋಯಿತು ಎಂದು ಗಾದೆ. ನಮ್ಮ ಮನೆಯಲ್ಲಿ ನಾರಿನ ಕಾಯಿ ಅಟ್ಟಕ್ಕೇರಿ ಕೂತಿತ್ತು, ಹೂವು ತಿಪ್ಪೆಗೆ ಹೋಯಿತು.

“ಸಾಕು ಬುಡೇ,” ಅಂದಳು ಅತ್ತಿಗೆ ಒಳಗಿನಿಂದ. “ಅವರ್ನ ಅಂದು ಏನ್ ಬಂತು. ಹೂವಿನಾಗೆ ಕುಂತ್ಕಂಡು ತೋಟ ಅಂದೋಳು ನಾನು.”

ಆ ಹಾಳೆ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದು ಹಾಗೇ ಹಳದಿಯಾಯಿತು.

ಮುಂಗಾರು ಹಿಡಿಯಿತು. ಬಸ್ಸು ಬಿಟ್ಟಿದ್ದರೂ ನಾನು ಇನ್ನೂ ಹೋಗಿರಲಿಲ್ಲ, ಅತ್ತಿಗೆಯನ್ನು ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಅಣ್ಣ ಅಡಿಕೆ ಸಸಿ ತರಿಸಿದ. ಇಬ್ಬರು ಆಳುಗಳು ಗುದ್ದಲಿ ಹಿಡಿದು ಬಂದರು. ನಾಲ್ಕು ತೆಂಗಿನ ನಡುವೆ ಒಂದೊಂದು ಗುಂಡಿ, ಗುಂಡಿಯ ಸುತ್ತಲಿನ ಹೂವಿನ ಸಾಲೆಲ್ಲ ಬೇರು ಸಮೇತ ಮೇಲಕ್ಕೆ. ಅತ್ತಿಗೆ ನೋಡಲು ಹೋಗುವುದಿಲ್ಲ ಅಂದುಕೊಂಡಿದ್ದೆ. ಹೋದಳು. ಆಳುಗಳಿಗೆ ಬುತ್ತಿ ಹೊತ್ತುಕೊಂಡು ಹೋಗುವುದು ಅವಳ ಕೆಲಸವೇ ತಾನೆ. ನಾನೂ ಹಿಂದೆ ಹೋದೆ.

ತಿಂಗಳುಗಟ್ಟಲೆ ಕೀಳದೆ ಬಿಟ್ಟಿದ್ದ ಹೂವು ಅಷ್ಟೊತ್ತಿಗೆ ಒಣಗಿ ತೆನೆಯಾಗಿತ್ತು. ತೆನೆಯ ತುಂಬ ಸಣ್ಣ ಸಣ್ಣ ಕಾಯಿ. ಕನಕಾಂಬರದ ಕಾಯಿಗೆ ಒಂದು ಗುಣವಿದೆ, ನೀರು ತಾಗಿದರೆ ಸಿಡಿಯುತ್ತದೆ. ಚಿಕ್ಕವರಿದ್ದಾಗ ನಾವು ಅದನ್ನು ಎಂಜಲು ಮಾಡಿ ಒಬ್ಬರ ಕತ್ತಿನ ಮೇಲೆ ಒಬ್ಬರು ಇಡುತ್ತಿದ್ದೆವು, ಪಟ್ ಎಂದು ಸಿಡಿದು ಚುರುಕ್ ಅನ್ನುತ್ತಿತ್ತು. ಆಳುಗಳು ಉಣ್ಣಲು ಕೂತಾಗ ಮಳೆ ಬಂತು. ನಾವೆಲ್ಲ ಮರದ ಬುಡಕ್ಕೆ ಸರಿದೆವು. ಹನಿ ಬಿದ್ದ ಸ್ವಲ್ಪ ಹೊತ್ತಿಗೆ ತೋಟದ ತುಂಬ ಪಟಪಟ ಶುರುವಾಯಿತು. ಒಲೆಯ ಮೇಲೆ ಅರಳು ಹುರಿದ ಹಾಗೆ. ಕಿತ್ತು ಬಿಸಾಡಿದ ಗಿಡಗಳೂ ಬಿಡಲಿಲ್ಲ, ಬಿದ್ದಲ್ಲಿಂದಲೇ ಸಿಡಿದವು. ಆಳೊಬ್ಬ, “ಅಕ್ಕೋ, ಏನಿದು ನಿಮ್ ಹೂವು ಬೈತಾ ಐತೆ” ಅಂದ. ಅತ್ತಿಗೆ ಅವನಿಗೆ ಇನ್ನೊಂದು ಮುದ್ದೆ ಹಾಕಿದಳು.

ನಾನು ತುರುವೇಕೆರೆಗೆ ಹೊರಟೆ. ಆಮೇಲಿನ ಒಂದು ವರ್ಷ ಅತ್ತಿಗೆ ಫೋನಿನಲ್ಲಿ ಹೂವಿನ ಮಾತೇ ಎತ್ತಲಿಲ್ಲ. ಎರಡನೇ ಸಲ ಎಲ್ಲ ಬಂದ್ ಆದಾಗ ಮತ್ತೆ ಟಿವಿಯವರು ಹೂವಿಗೆ ಪರಿಹಾರ ಎಂದರು. ಖುಷಿಯಾಗಿ ಫೋನ್ ಮಾಡಿದೆ. “ಕೇಳಿಸ್ತು. ಟಿವಿ ಆರಿಸ್ದೆ” ಅಂದಳು. ಕಂಪ್ಯೂಟರಿನಲ್ಲಿ ಅವಳ ನೆಲ ಇನ್ನೂ ಪೂರ್ತಿ ತೆಂಗು, ಮತ್ತೆ ಹೋಗಿ ಯಾರ ಮೇಜಿನ ಮೇಲೆ ಸುರಿಯಬೇಕು?

ಆ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಹೋದೆ. ಬಾಗಿನದ ಮೊರದಲ್ಲಿ ಕನಕಾಂಬರ ಇತ್ತು. ಎಲ್ಲಿಯದು ಎಂದು ಕೇಳಿದ್ದಕ್ಕೆ ಅತ್ತಿಗೆ ಬಾ ಎಂದು ಕರೆದುಕೊಂಡು ಹೋದಳು. ಸಾಲು ಇರಲಿಲ್ಲ, ಮಡಿ ಇರಲಿಲ್ಲ. ಆದರೆ ಎಲ್ಲಿ ನೋಡಿದರೂ ಹೂವು. ಅಡಿಕೆ ಸಸಿಯ ಬುಡದಲ್ಲಿ, ತೆಂಗಿನ ಪಾತಿಯಲ್ಲಿ, ಕಾಲುವೆಯ ಅಂಚಿನಲ್ಲಿ, ಬದುವಿನ ಮೇಲೆ, ಬದು ದಾಟಿ ಪಕ್ಕದವರ ನೆಲದಲ್ಲೂ. ಅಡಿಕೆಗೆಂದು ಅಣ್ಣ ಹಾಕಿಸಿದ ಗೊಬ್ಬರವನ್ನು ಇದೂ ಉಂಡು ಮೈ ತುಂಬಿಕೊಂಡಿತ್ತು. ಅಣ್ಣ ಎರಡು ಸಲ ಕೀಳಿಸಿದನಂತೆ. ಕಿತ್ತಷ್ಟೂ ಬಂತಂತೆ. ಬುಟ್ಟಿ ಮತ್ತೆ ಮೊದಲ ಬಸ್ಸಿಗೆ ಹೋಗುತ್ತಿತ್ತು. ಮೊದಲಿನಷ್ಟು ತುಂಬುತ್ತಿರಲಿಲ್ಲ.

ನಾವು ಅಲ್ಲಿರುವಾಗಲೇ ಸಮೀಕ್ಷೆಯವನು ಬಂದ. ಅವನೇ, ಅದೇ ಮೊಬೈಲು. ಅಣ್ಣ ಅಡಿಕೆ ಸಸಿಗೆ ಬಿಸಿಲು ತಾಗದಂತೆ ಸೋಗೆ ಕಟ್ಟುತ್ತಿದ್ದ. ಅತ್ತಿಗೆ ಹೂವು ಬಿಡಿಸುತ್ತಿದ್ದಳು.

“ಏನೈತಣ್ಣ ಇದ್ರಾಗೆ?” ಅಂದ ಅವನು ಅಣ್ಣನಿಗೆ.

ಅತ್ತಿಗೆ ಎದ್ದು ನಿಂತಳು. “ಹೂವೈತೆ,” ಅಂದಳು.

ಅವನು ಅವಳ ಕಡೆ ನೋಡಿದ, ಆಮೇಲೆ ಅಣ್ಣನ ಕಡೆ. “ಮಿಶ್ರ ಅಂತ ಹಾಕ್ಬೋದು. ಯಜಮಾನ್ರು ಹೂಂ ಅನ್ಬೇಕು.”

ನಾವು ಮೂವರೂ ಅಣ್ಣನನ್ನು ನೋಡಿದೆವು. ಅವನ ಅಂಗಿಯ ತೋಳಿಗೂ ಒಂದು ಕನಕಾಂಬರ ಅಂಟಿಕೊಂಡಿತ್ತು. ಅವನು ಕತ್ತೆತ್ತಿ ತೆಂಗಿನ ಗೊನೆ ನೋಡಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. “ಯಾಕ್ ಬೇಕು ಉಸಾಬ್ರಿ. ತೋಟ ಅಂತ ಬರ್ಕಳಯ್ಯ,” ಅಂದ.

ಸಮೀಕ್ಷೆಯವನು ಒತ್ತಿಕೊಂಡ. ಬೆರಳು ಯಾವುದರ ಮೇಲೆ ಬಿತ್ತು ಎಂದು ನಾನು ಪಕ್ಕದಲ್ಲೇ ನಿಂತು ನೋಡಿದೆ. ತೆಂಗು, ಅದರ ಜೊತೆಗೆ ಅಡಿಕೆ. ಇನ್ನೂ ಮಂಡಿಯುದ್ದವಿರದ ಅಡಿಕೆಗೆ ಜಾಗ ಸಿಕ್ಕಿತು! ಅಡಿಕೆ ಅಂತ ಹೇಳಿದ್ದು ಯಾರು? ಯಾರೂ ಇಲ್ಲ. ಅದು ಅವನ ಕಣ್ಣಿಗೆ ತಾನಾಗಿ ಕಂಡಿತ್ತು. ನನ್ನ ಮೈಯೆಲ್ಲ ಉರಿಯಿತು, ಈಗ ಬರೆಯುವಾಗಲೂ ಉರಿಯುತ್ತದೆ.

ಆಮೇಲೆ ಫೋಟೊಗೆ ಮೊಬೈಲು ಎತ್ತಿದ. “ಅಕ್ಕ, ಸ್ವಲ್ಪ ಸರ್ಕಳ್ಳಿ. ಅಡ್ಡ ಬತ್ತೀರಿ.”

“ಸರ್ಕಳಲ್ಲ,” ಅಂದಳು ಅತ್ತಿಗೆ.

“ಅಕ್ಕ…”

“ನಾನ್ ನಿಂತಿರಂಗೇ ತೆಗಿ. ತೆಗಿಯೋದಾದ್ರೆ ತೆಗಿ, ಇಲ್ಲಾಂದ್ರೆ ಹೋಗು.”

ಅವನು ಅಣ್ಣನ ಕಡೆ ತಿರುಗಿದ. ಅಣ್ಣ ಸೋಗೆ ಕಟ್ಟುತ್ತಲೇ ಇದ್ದ. ಮೊಬೈಲಿನವನು ಎಡಕ್ಕೆ ಹೋದ, ಅತ್ತಿಗೆ ಎಡಕ್ಕೆ ಬಂದಳು. ಬಲಕ್ಕೆ ಹೋದ, ಬಲಕ್ಕೆ ಬಂದಳು. ಮೊಬೈಲನ್ನು ಮೇಲಕ್ಕೆತ್ತಿದಾಗ ಅವಳು ಎರಡು ಕೈಯಲ್ಲೂ ಹೂವು ತುಂಬಿದ ಸೆರಗನ್ನು ಎತ್ತಿ ತಲೆಯ ಮಟ್ಟಕ್ಕೆ ಹಿಡಿದಳು. ಕೊನೆಗೆ ಅವನು ಬೇಸತ್ತು ಹಾಗೆಯೇ ಕ್ಲಿಕ್ಕಿಸಿ, ಗೊಣಗಿಕೊಂಡು ಬದು ದಾಟಿದ. ಆವತ್ತು ಹೂವು ಕೇಳಲಿಲ್ಲ.

ಆ ಫೋಟೊ ಎಲ್ಲೋ ಸರ್ಕಾರದ ಕಂಪ್ಯೂಟರಿನಲ್ಲಿ ಇರಲೇಬೇಕು. ಅದರಲ್ಲಿ ನಮ್ಮತ್ತಿಗೆ ಸೆರಗಿನ ತುಂಬ ಕನಕಾಂಬರ ಎತ್ತಿ ಹಿಡಿದುಕೊಂಡು ಮಸೂರಕ್ಕೇ ಮುಖ ಕೊಟ್ಟು ನಿಂತಿದ್ದಾಳೆ. ಯಾವನಾದರೂ ಅಧಿಕಾರಿ ಅದನ್ನು ತೆರೆದು ನೋಡಿದರೆ ಅವಳನ್ನು ದಾಟಿ ಏನೂ ಕಾಣುವುದಿಲ್ಲ. ಕೆಳಗೆ ಬೆಳೆಯ ಹೆಸರು ತೆಂಗು, ಅಡಿಕೆ ಎಂದಿರುತ್ತದೆ.